ಎಣ್ಣೆಯ ಆಯುಸ್ಸು

ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದ ಕಾಲದಲ್ಲಿ ಎಣ್ಣೆಯ ಆಯುಸ್ಸನ್ನು ಕಿವಿಯೇ ನಿರ್ಣಯಿಸುತ್ತಿದ್ದಿತು. ಚಕ್ರವು ಕಿರುಗುಟ್ಟಿದೊಡನೆ ಗಾಡಿಯವನು ಇಳಿದು ಕೀಲೆಣ್ಣೆಯ ಗೊಟ್ಟಕ್ಕೆ ಕೈಹಾಕುವನು. ಮೋಟಾರಿಗೆ ಆ ಬಾಯಿಲ್ಲ. ಅದರ ಎಣ್ಣೆ ಕೆಟ್ಟ ಸುದ್ದಿಯು ಒಡೆಯನಿಗೆ ಮುಟ್ಟುವ ವೇಳೆಗೆ ಒಳಗಿನ ಲೋಹವು ಸವೆದಿರುವುದು. ಆದುದರಿಂದ ಗೃಹಸ್ಥನು ಮೈಲಿಯ ಲೆಕ್ಕವನ್ನು ನೆಚ್ಚಬೇಕಾಯಿತು. ಲೆಕ್ಕ ಹೇಳುವವನೋ, ಬಹುಮಟ್ಟಿಗೆ ಎಣ್ಣೆ ಮಾರುವವನೇ.

ಅಮೆರಿಕದಲ್ಲಿ ಈ ಲೆಕ್ಕವು ಬಹುಕಾಲ 3,000 ಮೈಲಿ ಎಂದಿದ್ದಿತು. ಇದನ್ನು ಪ್ರಶ್ನಿಸಿದವರಲ್ಲಿ ಆಲ್ಬರ್ಟ್ ಅಮಟೂಜಿಯೋ ಎಂಬಾತನು ಮುಖ್ಯನು. ಮಿನ್ನೆಸೋಟಾ ಸಂಸ್ಥಾನದ ಡುಲೂತಿನಲ್ಲಿ ಈತನು ಯುದ್ಧವಿಮಾನ ನಡೆಸಿದವನು. ಜೆಟ್ ಯಂತ್ರದ ಉರಿಯನ್ನೂ ಮೇಲಿನ ಆಕಾಶದ ಕೊರೆತವನ್ನೂ ಸಾಮಾನ್ಯ ಖನಿಜತೈಲವು ತಾಳಲಾರದೆಂದು ಅಲ್ಲಿ ಸಿಂಥೆಟಿಕ್ ಎಣ್ಣೆಯನ್ನು, ಎಂದರೆ ರಸಾಯನಕ್ರಿಯೆಯಿಂದ ಕಟ್ಟಿದ ಎಣ್ಣೆಯನ್ನು, ಬಳಸುತ್ತಿದ್ದರು. ಆಕಾಶದಲ್ಲಿ ಸಲ್ಲುವುದು ರಸ್ತೆಯಲ್ಲೇಕೆ ಸಲ್ಲಬಾರದು? ಡುಲೂತಿನ ಚಳಿಗಾಲವನ್ನು ಬಲ್ಲವರಿಗೆ ಈ ಪ್ರಶ್ನೆಯು ವಿಚಿತ್ರವಾಗಿ ತೋರದು. 1972ರಲ್ಲಿ ಅವನ ‘ಆಮ್ಸಾಯಿಲ್’ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಕಟ್ಟಳೆಗೆ ಒಪ್ಪಿಗೆಯಾಯಿತು. ಅದನ್ನು 25,000 ಮೈಲಿ ಅಥವಾ ಒಂದು ವರ್ಷದವರೆಗೆ ಬದಲಿಸಬೇಕಾಗಿಲ್ಲವೆಂದು ಅವನು ಸಾರಿದನು. ಹಳೆಯ ಲೆಕ್ಕಕ್ಕೆ ಎಂಟುಪಟ್ಟು! ಜನರು ಸಂಶಯಪಟ್ಟುದರಲ್ಲಿ ಆಶ್ಚರ್ಯವಿಲ್ಲ. ಅವನೂ ಎಣ್ಣೆ ಮಾರುವವನೇ ಅಲ್ಲವೆ?

ಆದರೆ ಮಾತಿನಲ್ಲಿ ಹುರುಳಿದ್ದಿತು. ಖನಿಜತೈಲವು ನೆಲದಿಂದ ಬಂದ ಸಂತೆ. ಅದರ ಅಣುಗಳಲ್ಲಿ ದೊಡ್ಡವು, ಸಣ್ಣವು, ಮೇಣದಂಥವು ಎಲ್ಲವೂ ಕೂಡಿರುವುವು. ಚಳಿಯಲ್ಲಿ ಮೇಣವು ಹೆಪ್ಪುಗಟ್ಟುವುದು, ಬಿಸಿಯಲ್ಲಿ ಹಗುರಾದವು ಆವಿಯಾಗುವುವು. ಕಟ್ಟಿದ ಎಣ್ಣೆಯಲ್ಲಿ ಅಣುಗಳು ಹೆಚ್ಚುಕಡಮೆ ಒಂದೇ ಎರಕದವು. ಗಾಳಿಯೊಡನೆ ಬೆರೆತು ಬೇಗನೆ ಕೆಡವು. ಇಷ್ಟರಿಂದಲೇ ಎಣ್ಣೆಯು ಚಿರಂಜೀವಿಯಾಗದು. ಇಂಧನವು ಉರಿದಾಗ ಹುಟ್ಟುವ ಆಮ್ಲವನ್ನು ತಣಿಸಲು ಎಣ್ಣೆಯಲ್ಲಿ ಕ್ಷಾರವನ್ನು ಬೆರೆಸಿರುವರು. ಆ ಕ್ಷಾರವು ತೀರಿದ ಮೇಲೆ ಮೂಲತೈಲವು ಎಷ್ಟು ಶುದ್ಧವಾದರೇನು?

ಇನ್ನು ಹೆಸರಿನ ಜಗಳ. ಹರಳೆಣ್ಣೆಯನ್ನು ತನ್ನ ಹೆಸರಿನಲ್ಲಿಯೇ ಹೊತ್ತ ಕ್ಯಾಸ್ಟ್ರಾಲ್ ಕಂಪೆನಿಯು 1990ರ ದಶಕದಲ್ಲಿ ತನ್ನ ‘ಸಿನ್‌ಟೆಕ್’ ಎಣ್ಣೆಗೆ ಕಟ್ಟಿದ ಮೂಲತೈಲವನ್ನು ಬಿಟ್ಟು, ಜಲಜನಕದಿಂದ ತೀವ್ರವಾಗಿ ಸಂಸ್ಕರಿಸಿದ ಖನಿಜತೈಲವನ್ನು ಹಿಡಿಯಿತು. ಸೀಸೆಯ ಮೇಲಿನ ‘ಸಿಂಥೆಟಿಕ್’ ಎಂಬ ಮಾತನ್ನು ಮಾತ್ರ ಅಳಿಸಲಿಲ್ಲ. ಪ್ರತಿಸ್ಪರ್ಧಿಯಾದ ಮೊಬಿಲ್ ಕಂಪೆನಿಯು ಅಮೆರಿಕದ ಜಾಹಿರಾತು ವಿಚಾರಣಾಮಂಡಲಿಗೆ ದೂರಿತ್ತಿತು. 1999ರಲ್ಲಿ ತೀರ್ಮಾನವು ಕ್ಯಾಸ್ಟ್ರಾಲಿನ ಪರವಾಯಿತು: ಅಣುಗಳನ್ನು ಅಷ್ಟು ಮಾರ್ಪಡಿಸಿದ ಮೇಲೆ ಆ ಹೆಸರು ಸಲ್ಲುವುದೆಂದರು. ಅಂಥ ಎಣ್ಣೆಯು ಕಳಪೆಯೆಂದಲ್ಲ. ಗುಣದಲ್ಲಿ ಬಹಳ ಹತ್ತಿರವೇ. ಆದರೆ ಅಂದಿನಿಂದ ಆ ದೇಶದಲ್ಲಿ ಸೀಸೆಯ ಮೇಲಿನ ಆ ಒಂದು ಪದವನ್ನು ಓದಿ ಹೆಚ್ಚು ಹಣ ತೆತ್ತವನಿಗೆ, ತಾನು ಕೊಂಡದ್ದು ಏನೆಂಬುದು ಆ ಪದದಿಂದ ತಿಳಿಯದು.

ಹಾಗಾದರೆ ಯಾವ ಲೆಕ್ಕವನ್ನು ನೆಚ್ಚಬೇಕು? ವಾಹನ ಮಾಡಿದವರ ಪುಸ್ತಕವನ್ನು, ಅದರಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು. ಜರ್ಮನಿಯ ಫೋಕ್ಸ್‌ವ್ಯಾಗನ್ನಿನವರು ದೀರ್ಘಾಯುಷ್ಯದ ತಮ್ಮ ದರ್ಜೆಯ ಎಣ್ಣೆಗೆ 30,000 ಕಿಲೋಮೀಟರಿನವರೆಗೂ ಅವಧಿ ಕೊಟ್ಟದ್ದುಂಟು. ಆದರೆ ಎರಡು ವರ್ಷವೆಂಬ ಎಲ್ಲೆಯನ್ನೂ ಜೊತೆಗಿಟ್ಟರು. ಎಲ್ಲೆಗೆ ಕಾರಣವಿದೆ. ದಿನವೂ ಪೇಟೆಗೆ ಒಂದು ಮೈಲಿ ಹೋಗಿ ಬರುವ ಮೋಟಾರು ಚೆನ್ನಾಗಿ ಕಾಯುವುದೇ ಇಲ್ಲ. ಉರಿಯಿಂದ ಹುಟ್ಟಿದ ನೀರೂ ಉರಿಯದ ಪೆಟ್ರೋಲೂ ಆವಿಯಾಗಿ ಹೋಗದೆ ಎಣ್ಣೆಯಲ್ಲಿಯೇ ನಿಲ್ಲುವುವು. ವರ್ಷವೆಲ್ಲ ದೂರದ ದಾರಿಯಲ್ಲಿ ಓಡಿದ ಬಂಡಿಗಿಂತ, ಮನೆಯ ಮುಂದೆ ಮುಸುಕು ಹೊದ್ದು ನಿಂತ ಈ ಬಂಡಿಗೇ ಎಣ್ಣೆಯನ್ನು ಕಡಮೆ ಮೈಲಿಗೆ ಬದಲಿಸಬೇಕಾಗುವುದು.