ರೋಮಿನ ಪ್ರಜಾರಾಜ್ಯವು ಅಳಿದ ಬಗೆ

ಕಾರ್ನೀಲಿಯಳ ರತ್ನಗಳ ಕಥೆಯನ್ನು ಓದದೆ ನಮ್ಮ ಶಾಲೆಯನ್ನು ಬಿಟ್ಟುಹೋದವರು ವಿರಳವೆಂದು ನಂಬುತ್ತೇವೆ. ಕ್ಯಾಂಪೇನಿಯ ಸೀಮೆಯ ಸಿರಿವಂತೆಯೊಬ್ಬಳು ಅವಳ ಮನೆಗೆ ಅತಿಥಿಯಾಗಿ ಬಂದು ತನ್ನ ಒಡವೆಗಳನ್ನೆಲ್ಲ ಹರವಿ ತೋರಿಸಿದಳಂತೆ. ಕಾರ್ನೀಲಿಯಳು ಮಕ್ಕಳು ಪಾಠಶಾಲೆಯಿಂದ ಬರುವ ತನಕ ಮಾತಿನಲ್ಲಿ ಹೊತ್ತು ಕಳೆದು, ಅವರು ಬಂದೊಡನೆ ತನ್ನ ಒಡವೆಗಳು ಇವರೇ ಎಂದು ತೋರಿಸಿದಳಂತೆ. ವಾಚಕ ಪುಸ್ತಕದ ಪಾಠವು ಅಲ್ಲಿಗೆ ಮುಗಿಯುತ್ತದೆ. ಆ ರತ್ನಗಳ ಗತಿ ಮುಂದೇನಾಯಿತೆಂಬುದನ್ನು ಅದು ಹೇಳುವುದಿಲ್ಲ. ಹೇಳಬೇಕಾದರೆ ಒಂದು ಮಹಾ ಪ್ರಜಾರಾಜ್ಯದ ಅವಸಾನವನ್ನೇ ಹೇಳಬೇಕಾಗುವುದು.

ಮೇಲಿನ ತರಗತಿಗಳಿಗೆ ನಾವು ಬಹು ವರ್ಷ ಚರಿತ್ರೆಯನ್ನು ಕಲಿಸಿದೆವು. ಈ ಪ್ರಕರಣಕ್ಕೆ ಬಂದಾಗಲೆಲ್ಲ ಯಾವಳಾದರೊಬ್ಬ ಹುಡುಗಿ ಎದ್ದು ನಿಂತು, ಈ ರಾಜ್ಯವನ್ನು ಕೊಂದವರು ಯಾರು ಎಂದು ಕೇಳದೆ ಇರುತ್ತಿರಲಿಲ್ಲ. ಒಬ್ಬನ ಹೆಸರನ್ನು ಹೇಳಿಬಿಟ್ಟರೆ ಪರೀಕ್ಷೆಗೆ ಸುಲಭ. ಆದರೆ ಚರಿತ್ರೆಗೆ ಅದು ಸಾಲದು. ಆ ಪ್ರಶ್ನೆಗೆ ತರಗತಿಯ ಮುಕ್ಕಾಲು ಗಂಟೆಯಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ತುಸು ವಿಸ್ತರಿಸಿ ಬರೆಯುತ್ತೇವೆ.

ರೋಮನರು ತಮ್ಮ ಅರಸರನ್ನು ಹೊರಗಟ್ಟಿದುದು ಕ್ರಿ. ಪೂ. 509ರಲ್ಲಿ ಎಂಬುದು ಅವರಲ್ಲಿ ನಡೆದುಬಂದ ಐತಿಹ್ಯ. ಅರಸನೆಂಬ ಹೆಸರನ್ನೇ ಅಂದಿನಿಂದ ಅವರು ಹೇಸಿದರು. ಒಬ್ಬನಲ್ಲಿದ್ದ ಅಧಿಕಾರವನ್ನು ಇಬ್ಬರು ಕಾನ್ಸಲರಿಗೆ ಹಂಚಿದರು; ಅದೂ ಒಂದೇ ವರ್ಷಕ್ಕೆ. ಒಬ್ಬ ಕಾನ್ಸಲನು ಮಾಡಹೊರಟುದನ್ನು ಇನ್ನೊಬ್ಬನು ತಡೆಯಬಹುದಾಗಿದ್ದಿತು. ಬಡವರ ರಕ್ಷಣೆಗಾಗಿ ಟ್ರಿಬ್ಯೂನರೆಂಬ ಅಧಿಕಾರಿಗಳು ಏರ್ಪಟ್ಟರು. ಅವರ ಮೈಮೇಲೆ ಕೈಮಾಡುವುದು ಮಹಾಪಾತಕವೆಂದೆಣಿಸಲ್ಪಟ್ಟಿತು. ಘೋರ ವಿಪತ್ತಿನಲ್ಲಿ ಮಾತ್ರ ಡಿಕ್ಟೇಟರನೆಂಬ ಏಕಾಧಿಕಾರಿಯನ್ನು ನೇಮಿಸುತ್ತಿದ್ದರು. ಅವನಿಗೂ ಆರು ತಿಂಗಳ ಮೇರೆ. ಹಿರಿಯರ ಸೆನೆಟ್ ಸಭೆಯು ಇವರೆಲ್ಲರಿಗೆ ಆಲೋಚನೆ ಹೇಳುತ್ತಿದ್ದಿತು. ಆದರೆ ಈ ಏರ್ಪಾಡೆಲ್ಲವೂ ಒಂದೇ ಶಾಸನಗ್ರಂಥದಲ್ಲಿ ಬರೆದಿಟ್ಟುದಲ್ಲ. ಬಹುಭಾಗವು ಪೂರ್ವಿಕರ ನಡೆವಳಿಕೆಯೆಂಬ ಒಂದೇ ಆಧಾರದ ಮೇಲೆ ನಿಂತಿದ್ದಿತು. ಎಲ್ಲರೂ ಅದಕ್ಕೆ ತಲೆಬಾಗುವ ವರೆಗೆ ಅದು ಬಂಡೆಯಂತೆ ಭದ್ರ. ಒಬ್ಬನು ಮೀರಿ ಗೆದ್ದನೆಂದರೆ ಗಾಜಿನಂತೆ ದುರ್ಬಲ.

ಕ್ರಿ. ಪೂ. 146ರಲ್ಲಿ ಕಾರ್ಥೇಜ್, ಕಾರಿಂಥ್ ಎಂಬೆರಡು ಪಟ್ಟಣಗಳೂ ರೋಮನರ ಕೈಯಿಂದ ನಾಶವಾದವು. ಲೂಟಿಯ ಹೊನ್ನು ಹೊಳೆಯಾಗಿ ಹರಿದುಬಂದಿತು. ಸೆರೆಸಿಕ್ಕ ದಾಸರು ಸಾವಿರಗಟ್ಟಲೆ ಬಂದರು. ಆದರೆ ಆ ಗೆಲುವುಗಳನ್ನು ತಂದುಕೊಟ್ಟ ರೈತನು ವರ್ಷಾನುವರ್ಷ ಪರದೇಶದ ದಂಡಿನಲ್ಲಿದ್ದು ಊರಿಗೆ ಮರಳಿದಾಗ, ಎಷ್ಟೋ ಕಡೆಗಳಲ್ಲಿ ಅವನ ಹೊಲವು ನೆರೆಯ ಧನಿಕನ ಪಾಲಾಗಿದ್ದಿತು. ಅಲ್ಲಿ ದಾಸರು ಉಳುತ್ತಿದ್ದರು. ಮನೆಯಿಲ್ಲದವನು ಪಟ್ಟಣಕ್ಕೆ ಬಂದು, ಮತವೊಂದನ್ನುಳಿದು ಮತ್ತೇನೂ ಇಲ್ಲದವನಾದನು.

ಕಾರ್ನೀಲಿಯಳ ಹಿರಿಯ ಮಗನಾದ ಟೈಬೀರಿಯಸ್ ಗ್ರಾಕಸನು ಈ ಕೇಡನ್ನು ಕಂಡು ಮರುಗಿದನು. ಕ್ರಿ. ಪೂ. 133ರಲ್ಲಿ ಟ್ರಿಬ್ಯೂನನಾಗಿ, ಸರಕಾರದ ಭೂಮಿಯಲ್ಲಿ ಒಬ್ಬನು 500 ಯೂಗೆರ, ಎಂದರೆ ಸುಮಾರು 300 ಎಕರೆಗಿಂತ ಹೆಚ್ಚಾಗಿ ಇಟ್ಟುಕೊಳ್ಳಬಾರದೆಂದೂ ಮಿಕ್ಕುದನ್ನು ಬಡವರಿಗೆ ಹಂಚಬೇಕೆಂದೂ ಕಾಯಿದೆಯನ್ನು ತಂದನು. ಅವನ ಜತೆಯ ಟ್ರಿಬ್ಯೂನನಾದ ಆಕ್ಟೇವಿಯಸನು ಅದನ್ನು ತಡೆದನು. ತಡೆಯುವ ಹಕ್ಕು ಅವನಿಗಿದ್ದಿತು. ಆಗ ಟೈಬೀರಿಯಸನು ಜನರ ಮತದಿಂದ ಅವನನ್ನು ಪದವಿಯಿಂದಲೇ ಕೆಡವಿದನು. ಉದ್ದೇಶವು ಒಳ್ಳೆಯದೇ; ಆದರೆ ಅಂಥ ಕೆಲಸವನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಅವನು ಮರುವರ್ಷವೂ ಅದೇ ಪದವಿಗೆ ನಿಂತಾಗ, ಸೆನೆಟಿನ ಹಿರಿಯರು ಪೀಠಗಳ ಕಾಲುಗಳನ್ನು ಮುರಿದುಕೊಂಡು ಬಂದು ಅವನನ್ನೂ ಅವನ ಕಡೆಯವರು ಸುಮಾರು 300 ಮಂದಿಯನ್ನೂ ಬಡಿದು ಕೊಂದು, ಹೆಣಗಳನ್ನು ಟೈಬರ್ ನದಿಗೆ ಎಸೆದರು. ಮುಂದಾಳಾಗಿದ್ದ ಸಿಪಿಯೊ ನಾಸಿಕನು ಬೇರೆ ಯಾರೂ ಅಲ್ಲ, ಕಾರ್ನೀಲಿಯಳ ಅಕ್ಕನ ಮಗನೇ. ಹನ್ನೆರಡು ವರ್ಷಗಳ ತರುವಾಯ ಕಿರಿಯ ಮಗನಾದ ಗಾಯಸನೂ, ಬೆನ್ನಟ್ಟಿದವರಿಂದ ಪಾರಾಗಲಾರದೆ, ತನ್ನ ಆಳಿನ ಕೈಯಿಂದಲೇ ಪ್ರಾಣವನ್ನು ನೀಗಿಕೊಂಡನು. ಆ ಸಾರಿ ಸತ್ತವರು 3000 ಮಂದಿ ಎಂದು ಬರೆದಿದೆ. ಅವರನ್ನು ಕೊಲ್ಲಿಸಿದ ಕಾನ್ಸಲನು ಅನಂತರ ಐಕಮತ್ಯದ ದೇವಿಗೆ ಒಂದು ಗುಡಿಯನ್ನು ಕಟ್ಟಿಸಿದನು!

ಕಾಯಿದೆಯನ್ನು ಮೀರಿದವನೂ ಒಳ್ಳೆಯವನೇ. ಅವನನ್ನು ಕೊಂದವರೂ ತಾವು ರಾಜ್ಯವನ್ನು ಕಾಪಾಡಿದೆವೆಂದೇ ನಂಬಿದವರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ನಮ್ಮ ಅಜ್ಜಿಯಂದಿರು ಸುಮ್ಮನೆ ಹೇಳಿದುದಲ್ಲ. ಟ್ರಿಬ್ಯೂನನ ಮೈಯನ್ನು ಮುಟ್ಟಬಾರದೆಂಬ ಭಯವು ಒಮ್ಮೆ ಹೋದುದು ತಿರುಗಿ ಬರಲಿಲ್ಲ.

ಅನಂತರ ಬಂದುದು ದಂಡಿನ ಕಾಲ. ಆಸ್ತಿಯುಳ್ಳ ರೈತರು ಕಡಮೆಯಾದುದರಿಂದ ಮೇರಿಯಸನು ಕ್ರಿ. ಪೂ. 107ರಲ್ಲಿ ಆಸ್ತಿಯಿಲ್ಲದವರನ್ನೂ ದಂಡಿಗೆ ಸೇರಿಸಿದನು. ಅವಸರಕ್ಕೆ ಅದು ತಕ್ಕ ಉಪಾಯವಾಗಿದ್ದಿತು. ಆದರೆ ಅಂಥ ಸಿಪಾಯಿಯು ಮುಪ್ಪಿನಲ್ಲಿ ತುಂಡು ಹೊಲಕ್ಕಾಗಿ ನೋಡಿದುದು ರಾಜ್ಯದ ಮುಖವನ್ನಲ್ಲ, ತನ್ನ ದಳಪತಿಯ ಮುಖವನ್ನು. ಕ್ರಿ. ಪೂ. 88ರಲ್ಲಿ ಸಲ್ಲನು ತನ್ನ ದಂಡನ್ನು ರೋಮಿನ ಮೇಲೆಯೇ ತಿರುಗಿಸಿದಾಗ, ಅವನ ಮೇಲಧಿಕಾರಿಗಳಲ್ಲಿ ಒಬ್ಬನ ಹೊರತು ಎಲ್ಲರೂ ನಾಚಿ ಬಿಟ್ಟುಹೋದರು. ಸಿಪಾಯಿಗಳು ಮಾತ್ರ ಹಿಂಬಾಲಿಸಿದರು. ಬೇಲಿಯೇ ಎದ್ದು ಹೊಲವನ್ನು ಮೇಯ್ದ ದಿನವದು. ಮುಂದೆ ಅವನು ಮೇರೆಯಿಲ್ಲದ ಡಿಕ್ಟೇಟರನಾಗಿ, ಕೊಲ್ಲತಕ್ಕವರ ಹೆಸರುಗಳ ಪಟ್ಟಿಗಳನ್ನು ಪೇಟೆಯ ಚೌಕದಲ್ಲಿ ತೂಗಹಾಕಿಸಿದನು, ಕೊಂದವರಿಗೆ ಬಹುಮಾನ. ಕೊನೆಗೆ ತಾನಾಗಿಯೇ ಅಧಿಕಾರವನ್ನು ಬಿಟ್ಟುಕೊಟ್ಟನು. ಆದರೆ ಆ ದಾರಿಯುಂಟೆಂಬುದನ್ನು ನೋಡಿದ ತರುಣರು ಅದನ್ನು ಮರೆಯಲಿಲ್ಲ.

ಪಾಂಪಿಯ ಚರಿತ್ರೆಯು ಇನ್ನೂ ಸೂಕ್ಷ್ಮವಾದುದು. ಕೆಳಗಿನ ಪದವಿಗಳೊಂದನ್ನೂ ಹೊಂದದೆ ಅವನು ಕ್ರಿ. ಪೂ. 70ರಲ್ಲಿ ನೇರವಾಗಿ ಕಾನ್ಸಲನಾದನು. ಕ್ರಿ. ಪೂ. 67ರಲ್ಲಿ ಕಡಲುಗಳ್ಳರನ್ನು ಅಡಗಿಸಲು ಮೆಡಿಟರೇನಿಯನ್ ಸಮುದ್ರದ ಮೇಲೆಲ್ಲ ಅವನಿಗೆ ಅಧಿಕಾರವನ್ನು ಕೊಟ್ಟರು. ಮೂರೇ ತಿಂಗಳಲ್ಲಿ ಅವನು ಕೆಲಸವನ್ನು ಪೂರೈಸಿದನು. ನಿಯಮವನ್ನು ಸಡಿಲಿಸಿದುದರಿಂದ ಕೇಡಾಗಿದ್ದರೆ ಜನರು ಎಚ್ಚರಗೊಳ್ಳುತ್ತಿದ್ದರೇನೋ! ಒಳ್ಳೆಯದೇ ಆಯಿತು, ಆದುದರಿಂದ ಯಾರೂ ಎಚ್ಚರಗೊಳ್ಳಲಿಲ್ಲ.

ಇದನ್ನು ಹೇಳುವಾಗ ನಮ್ಮ ಶಾಲೆಯ ಸಾಹಿತ್ಯಸಂಘದಲ್ಲಿ ಒಮ್ಮೆ ನಡೆದುದು ನೆನಪಿಗೆ ಬರುತ್ತದೆ. ಒಬ್ಬಳೇ ಎರಡು ವರ್ಷ ಕೂಡಿ ಅಧ್ಯಕ್ಷಿಣಿಯಾಗಿರಬಾರದೆಂದು ಸಂಘದ ನಿಯಮ. ಒಂದು ವರ್ಷ ಬಹು ಸಮರ್ಥಳಾದವಳು ಆ ಸ್ಥಾನದಲ್ಲಿದ್ದಳು. ಅವಳಿಗಾಗಿ ನಿಯಮವನ್ನು ಬಿಡಬೇಕೆಂದು ಹುಡುಗಿಯರೆಲ್ಲ ಅರ್ಜಿ ಬರೆದು ತಂದರು. ಆ ಹುಡುಗಿಯೇ ಒಪ್ಪಲಿಲ್ಲ. ತಾನು ಚೆನ್ನಾಗಿ ಮಾಡಿದೆನೆಂದು ನಿಯಮವನ್ನು ಮುರಿದರೆ, ಮುಂದೆ ಕೆಟ್ಟದಾಗಿ ಮಾಡುವವಳೂ ಅದನ್ನೇ ಕೇಳಬಹುದೆಂದಳು. ಮರುವರ್ಷದವಳು ಮೊದಲ ಸಭೆಯಲ್ಲಿ ತೊದಲಿದಳು; ಲೆಕ್ಕಪತ್ರಗಳೂ ತುಸು ತೊಡಕಾದವು. ಆದರೆ ವರ್ಷದ ಕೊನೆಗೆ, ಸಭೆಯನ್ನು ನಡೆಯಿಸಬಲ್ಲವರು ಒಬ್ಬಳಿದ್ದಲ್ಲಿ ಇಬ್ಬರಾಗಿದ್ದರು. ಹದಿನೈದು ವರ್ಷದ ಆ ಬಾಲಿಕೆಗೆ ತಿಳಿದುದು ರೋಮಿನ ಸೆನೆಟಿಗೆ ತಿಳಿಯದೆ ಹೋಯಿತು.

ಜೂಲಿಯಸ್ ಸೀಸರನು ಕ್ರಿ. ಪೂ. 59ರಲ್ಲಿ ಕಾನ್ಸಲನಾದಾಗ, ಜತೆಯ ಕಾನ್ಸಲನಾದ ಬಿಬುಲಸನನ್ನು ಚೌಕದಿಂದ ಬಲಾತ್ಕಾರವಾಗಿ ಅಟ್ಟಿದರು; ಅವನು ಮನೆಯ ಬಾಗಿಲನ್ನು ಹಾಕಿಕೊಂಡು ವರ್ಷವನ್ನು ಕಳೆದನು. ಈ ವರ್ಷದ ಕಾನ್ಸಲರು ಜೂಲಿಯಸನೂ ಸೀಸರನೂ ಎಂದು ಊರವರು ನಕ್ಕರು. ನಗೆಗೆ ಗುರಿಯಾದುದು ನಾನೂರೈವತ್ತು ವರ್ಷಗಳ ಕಟ್ಟಳೆಯೆಂಬುದು ಅವರಿಗೆ ಹೊಳೆಯಲಿಲ್ಲ. ಕ್ರಿ. ಪೂ. 49ರಲ್ಲಿ ಅವನು ದಂಡಿನೊಡನೆ ರೂಬಿಕಾನ್ ಹೊಳೆಯನ್ನು ದಾಟಿದನು. ಕ್ರಿ. ಪೂ. 44ರಲ್ಲಿ ಆಜೀವ ಡಿಕ್ಟೇಟರನಾದನು. ಬದುಕಿರುವವನ ಮುಖವು ರೋಮಿನಲ್ಲಿ ಅಚ್ಚಾದ ನಾಣ್ಯದ ಮೇಲೆ ಬಂದುದೂ ಆ ವರ್ಷವೇ. ಮಾರ್ಚ್ 15ರಂದು ಬ್ರೂಟಸ್ ಮೊದಲಾದವರು ಅವನನ್ನು ಇರಿದು ಕೊಂದರು. ಮನುಷ್ಯನನ್ನು ಕೊಂದರೆ ಸ್ವಾತಂತ್ರ್ಯವು ಮರಳಿ ಬರುವುದೆಂದು ಅವರೆಣಿಸಿದರು. ಬಂದುದು ಮೂವರು ಸೀಸರರು. ಆಂಟನಿ, ಲೆಪಿಡಸ್, ಆಕ್ಟೇವಿಯನ್ ಎಂಬವರು ಸಲ್ಲನ ಪಟ್ಟಿಗಳನ್ನು ಮತ್ತೆ ತೂಗಹಾಕಿದರು. ಮಹಾವಾಗ್ಮಿಯಾದ ಸಿಸಿರೋ ಕ್ರಿ. ಪೂ. 43ರ ದಶಂಬರದಲ್ಲಿ ಹತನಾದನು. ಅವನ ತಲೆಯನ್ನೂ ಬರೆದ ಕೈಯನ್ನೂ, ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ಕಟ್ಟಿ ತೋರಿಸಿದರು. ಗಂಡಸರ ನಾಲಗೆಗಳೆಲ್ಲ ಒಣಗಿದವು.

ಆ ಚೌಕಕ್ಕೇ ಮರುವರ್ಷ ಒಬ್ಬ ಸ್ತ್ರೀಯು ಬಂದು ಮಾತಾಡಿದಳು. ಯುದ್ಧದ ಖರ್ಚಿಗಾಗಿ 1400 ಮಂದಿ ಧನಿಕ ಸ್ತ್ರೀಯರು ತಮ್ಮ ಆಸ್ತಿಯ ಬೆಲೆಯನ್ನು ಹೇಳಿ ತೆರಿಗೆ ಕೊಡಬೇಕೆಂದು ಆ ಮೂವರೂ ಆಜ್ಞಾಪಿಸಿದ್ದರು. ಹಾರ್ಟೆನ್ಸಿಯಸನೆಂಬ ವಾಗ್ಮಿಯ ಮಗಳಾದ ಹಾರ್ಟೆನ್ಸಿಯಳು ಆ ಸ್ತ್ರೀಯರನ್ನು ಕೂಡಿಕೊಂಡು ಅವರ ನ್ಯಾಯಪೀಠದ ಮುಂದೆ ನಿಂತಳು. ಪದವಿಯಲ್ಲಿಯೂ ಗೌರವದಲ್ಲಿಯೂ ರಾಜ್ಯಾಡಳಿತದಲ್ಲಿಯೂ ಪಾಲಿಲ್ಲದವರು ನಿಮ್ಮ ಒಳಜಗಳಕ್ಕೆ ತೆರಿಗೆಯನ್ನೇಕೆ ಕೊಡಬೇಕು ಎಂಬುದು ಅವಳ ವಾದದ ಸಾರ. ಅಟ್ಟಿಬಿಡಿರೆಂದು ಅಪ್ಪಣೆಯಾಯಿತು, ಆದರೆ ಜನರ ಗುಂಪು ಕೂಗೆಬ್ಬಿಸಿತು. ಮರುದಿನ 1400 ಎಂಬುದು 400ಕ್ಕೆ ಇಳಿಯಿತು. ಆ ರಾಜ್ಯದಲ್ಲಿ ಹೆಂಗಸರಿಗೆ ಎಂದೂ ಮತವಿರಲಿಲ್ಲ. ಮತವಿದ್ದವರು ಮೂಕರಾದ ದಿವಸ, ಮತವಿಲ್ಲದವಳು ಪ್ರಜೆಯಂತೆ ನಡೆದುಕೊಂಡಳು. ಕಾರ್ನೀಲಿಯಳ ಕಥೆಯ ಪಕ್ಕದಲ್ಲಿ ಇವಳ ಕಥೆಯೂ ವಾಚಕ ಪುಸ್ತಕಗಳಲ್ಲಿರಬೇಕೆಂಬುದು ನಮ್ಮ ಬಹುಕಾಲದ ಆಶೆ.

ಕ್ರಿ. ಪೂ. 31ರಲ್ಲಿ ಆಕ್ಟಿಯಂ ಕದನವನ್ನು ಗೆದ್ದ ಆಕ್ಟೇವಿಯನನು ಕ್ರಿ. ಪೂ. 27ರಲ್ಲಿ ರಾಜ್ಯವನ್ನು ಸೆನೆಟಿಗೂ ಜನರಿಗೂ ಹಿಂದಕ್ಕೆ ಕೊಟ್ಟೆನೆಂದು ಸಾರಿ, ಆಗಸ್ಟಸನೆಂಬ ಹೆಸರನ್ನು ಪಡೆದನು. ದಂಡಿರುವ ಪ್ರಾಂತಗಳನ್ನು ಮಾತ್ರ ತನ್ನಲ್ಲಿರಿಸಿಕೊಂಡನು. ಟ್ರಿಬ್ಯೂನನಾಗದೆಯೇ ಟ್ರಿಬ್ಯೂನನ ಅಧಿಕಾರವನ್ನು ಹೊಂದಿದನು. ಅರಸನೆಂಬ ಹೆಸರನ್ನು ಮುಟ್ಟಲಿಲ್ಲ. ಅಂತಃಕಲಹದಿಂದ ಬೇಸತ್ತವರಿಗೆ ಶಾಂತಿ ಬೇಕಾಗಿದ್ದಿತು, ಶಾಂತಿ ದೊರಕಿತು. ಕ್ರಿಸ್ಮಸ್ ಕಾಲದಲ್ಲಿ ಲೂಕನ ಸುವಾರ್ತೆಯಿಂದ ನಾವು ಓದುವ ಆ ಕೈಸರನು ಇವನೇ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತ ರೋಮನ್ ಬೆಳ್ಳಿಯ ನಾಣ್ಯಗಳಲ್ಲಿ ಇವನ ಮುಖವೂ ಇವನ ಅನಂತರ ಆಳಿದ ಟೈಬೀರಿಯಸ್ ಕೈಸರನ ಮುಖವೂ ಉಂಟು. ಕಾನ್ಸಲರ ಪದವಿಯಂತೂ ಕ್ರಿ. ಶ. 541ರ ವರೆಗೆ ನಡೆಯಿತು. ಪ್ರಾಣವು ಹೋದ ಐನೂರು ವರ್ಷಗಳ ತರುವಾಯವೂ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ಯಾರೂ ತೆಗೆಯಲಿಲ್ಲ.

ಹಾಗಾದರೆ ಕೊಂದವರು ಯಾರು? ನಮ್ಮ ಉತ್ತರವಿಷ್ಟೆ: ಈ ಒಂದು ಸಾರಿಗೆ ಪರವಾಗಿಲ್ಲ ಎಂದವರೆಲ್ಲರೂ. ಅವರಲ್ಲಿ ದುಷ್ಟರಿಗಿಂತ ಸಜ್ಜನರೇ ಹೆಚ್ಚು. ಪ್ರತಿಯೊಬ್ಬರಿಗೂ ಆ ಹೊತ್ತಿಗೆ ತಕ್ಕ ಕಾರಣವಿದ್ದಿತು. ಒಬ್ಬ ಸೀಸರನು ಹೊಳೆಯನ್ನು ದಾಟಬೇಕಾದರೆ, ಅದಕ್ಕಿಂತ ಮುಂಚೆ ಎಷ್ಟೋ ಚಿಕ್ಕ ಕಾಲುವೆಗಳನ್ನು ಎಷ್ಟೋ ಮಂದಿ ದಾಟಿ ದಾರಿಮಾಡಿರಬೇಕು.

ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಹಾರ್ಟೆನ್ಸಿಯಳಿಗಿಲ್ಲದ ಮತವು ನಮ್ಮ ದೇಶದ ಸ್ತ್ರೀಯರಿಗುಂಟು. 1951–52ರ ಮೊದಲನೆಯ ಮಹಾಚುನಾವಣೆಯಿಂದಲೂ ಅದನ್ನು ಪುರುಷರಿಗೆ ಸಮವಾಗಿ ಚಲಾಯಿಸುತ್ತ ಬಂದಿದ್ದೇವೆ. ಅದನ್ನು ಕಾಯುವ ಕೆಲಸವು ಸಭಾಗೃಹಗಳಲ್ಲಿ ಮಾತ್ರ ನಡೆಯುವುದಲ್ಲ. ಮಗುವು ಆಟದಲ್ಲಿ ಸೋತಾಗ ನಿಯಮವನ್ನು ಬದಲಿಸಬೇಕೆಂದು ಹಟಮಾಡಿದರೆ, ಗೆದ್ದವನು ಇನ್ನೊಬ್ಬನ ಸರದಿಯನ್ನು ಕಿತ್ತುಕೊಂಡರೆ, ನಾವು ಏನು ಹೇಳುತ್ತೇವೆ? ನಮಗೆ ಪ್ರಿಯನಾದವನೇ ಕಟ್ಟಳೆಯನ್ನು ಮೀರಿದಾಗ ಏನು ಹೇಳುತ್ತೇವೆ? ನಮಗೆ ಬೇಡದವನನ್ನು ತಡೆಯುವುದು ಸುಲಭ. ನಾವು ಮೆಚ್ಚಿದವನಿಗೂ ನಿಲ್ಲು ಎನ್ನಬಲ್ಲವರು ಎಷ್ಟು ಮನೆಗಳಲ್ಲಿ ಬೆಳೆಯುತ್ತಾರೋ ಅಷ್ಟು ಬಲ ಪ್ರಜಾರಾಜ್ಯಕ್ಕುಂಟು.