ಬೆಂಕಿಯಿಲ್ಲದ ಕುಲುಮೆ

ಬೆಂಕಿಯಿಲ್ಲದೆ ಕಬ್ಬಿಣವನ್ನು ಕೆಂಪಗೆ ಕಾಯಿಸಬಹುದೆಂದು ತರಗತಿಯಲ್ಲಿ ಹೇಳಿಬಿಟ್ಟೆ. ಮಾಡಿ ತೋರಿಸಿರೆಂದು ಹುಡುಗರು ಪಟ್ಟು ಹಿಡಿದರು. ಸಾಮಾನಿಗೆಂದು ತಾವೇ ಹಣವನ್ನೂ ಕೂಡಿಸಿದರು. 1831ರಲ್ಲಿ ಫ್ಯಾರಡೆ ಕಂಡ ವಿದ್ಯುತ್ಕಾಂತ ಪ್ರೇರಣೆಯೇ ಇದರ ಮೂಲ: ಸುರುಳಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸಿದರೆ, ಒಳಗಿಟ್ಟ ಮೊಳೆಯಲ್ಲಿ ಸುಳಿಪ್ರವಾಹ ಹುಟ್ಟಿ ಅದು ಕಾಯುತ್ತದೆ.

ದಿಕ್ಕು ಬದಲಿಸುವ ಕೆಲಸ ಎರಡು ಟ್ರಾನ್ಸಿಸ್ಟರುಗಳದು. 24 ವೋಲ್ಟಿನ ಪೂರೈಕೆಗೆ 55 ವೋಲ್ಟು ತಡೆಯುವ ಐಆರ್‌ಎಫ್‌ಜೆಡ್ 44ಎನ್ ಧಾರಾಳವಾಯಿತೆಂದು ನನ್ನ ಎಣಿಕೆ. ಸ್ವಿಚ್ಚು ಒತ್ತಿದೊಡನೆ ಎರಡೂ ಸುಟ್ಟವು. ಆ ಅನುರಣನ ಮಂಡಲದಲ್ಲಿ ಅವು ತಾಳಬೇಕಾದ ಶಿಖರ ವೋಲ್ಟೇಜು ಪೂರೈಕೆಯ ಸುಮಾರು ಪೈ ಪಟ್ಟು, ಎಂದರೆ 75 ವೋಲ್ಟು! ವೃತ್ತದ ಪಾಠದಲ್ಲಿ ನಾನೇ ಕಲಿಸುವ ಪೈ.

200 ವೋಲ್ಟಿನ ಐಆರ್‌ಎಫ್‌ಪಿ 260 ತಂದೆ. ಆ ಜೋಡಿಯೂ ಸುಟ್ಟಿತು. ಆಗ ಹಿಂದಿನ ಬೆಂಚಿನ ಮೌನಿಯೊಬ್ಬ, “ಸಾರ್, ಸ್ವಿಚ್ಚು ಒತ್ತಿದಾಗ ಮೀಟರಿನ ಮುಳ್ಳು ಕೆಳಗೆ ಬಿತ್ತು” ಎಂದ. ನಾನು ನೋಡಿರಲಿಲ್ಲ. ನನ್ನ ಅಡಾಪ್ಟರು ಬಡಕಲು. ಆರಂಭದ ಭಾರಕ್ಕೇ ವೋಲ್ಟೇಜು ಕುಸಿದು, ಆಂದೋಲನ ಮೊದಲಾಗದೆ, ಎರಡು ಟ್ರಾನ್ಸಿಸ್ಟರುಗಳೂ ಒಟ್ಟಿಗೇ ತೆರೆದು ನಿಂತಿದ್ದವು.

12 ವೋಲ್ಟಿನ ಎರಡು ಸೀಸದ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ನಡುವೆ ಫ್ಯೂಸು ಇಟ್ಟೆವು. ಸ್ವಿಚ್ಚನ್ನು ಆ ಹುಡುಗನೇ ಒತ್ತಿದ. ಮೊಳೆ ಕೆಂಪಾಯಿತು. ಸುಟ್ಟ ನಾಲ್ಕರ ಬೆಲೆಯನ್ನು ಮರುದಿನ ಹುಡುಗರಿಗೆ ಹಿಂದಿರುಗಿಸಿದೆ.