ತಂಬು ಚೆಟ್ಟಿ ಬೀದಿಯ ಉಡುಪಿ ಡಾಕ್ಟರು

ಡಾ. ಯು. ರಾಮರಾಯರ ಹೆಸರಿನ ತಲೆಯಲ್ಲಿರುವ ಯು. ಅಂದರೆ ಉಡುಪಿ. 1874ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ ಈ ವೈದ್ಯರು ಬದುಕು ಕಟ್ಟಿಕೊಂಡದ್ದು ಮದರಾಸಿನಲ್ಲಿ. ಅವರನ್ನು ವಲಸೆ ಬಂದವರೆಂದರೆ ಆಗಿನ ನಕಾಶೆ ಒಪ್ಪುವುದಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿಹೋದರೂ ದಕ್ಷಿಣ ಕನ್ನಡ ಮದರಾಸಿನ ಕೈಯಲ್ಲೇ ಉಳಿದಿತ್ತು. ಹೈಕೋರ್ಟು, ವಿಶ್ವವಿದ್ಯಾಲಯ, 1835ರಲ್ಲಿ ಶುರುವಾದ ಮೆಡಿಕಲ್ ಕಾಲೇಜು, ಎಲ್ಲವೂ ಅಲ್ಲಿ. ಓದಿ ಮುಂದೆ ಬರಬೇಕೆಂಬ ಹುಡುಗರು ಮದರಾಸಿನ ಕಡೆಗೇ ಮುಖ ಮಾಡಬೇಕಿತ್ತು. ದಾರಿಯೇನೋ ಪರದೇಶದ ದಾರಿಯೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಬೇಕು, ಇಲ್ಲವೇ ಕಡಲ ದಾರಿಯಲ್ಲಿ ಕಲ್ಲಿಕೋಟೆಗೆ ಹೋಗಿ ರೈಲು ಹಿಡಿಯಬೇಕು. ಮಳೆಗಾಲ ಹಿಡಿಯಿತೆಂದರೆ ಕಡಲೂ ಇಲ್ಲ.

ರಾಮರಾಯರ ಹೆಸರಿನೊಂದಿಗೆ ಅಂಟಿಕೊಂಡ ವಿಳಾಸ ತಂಬು ಚೆಟ್ಟಿ ಬೀದಿ. ಬಂದರಿನ ಬೆನ್ನಿಗಿರುವ ಈ ಬೀದಿಗೆ ಹಗಲಿಡೀ ಪುರುಸೊತ್ತಿಲ್ಲ. ಕಸ್ಟಮ್ಸ್ ಏಜೆಂಟರ ಕಚೇರಿಗಳು, ಬ್ಯಾಂಕುಗಳು, ಸರಕು ಹೇರಿದ ಕೈಗಾಡಿಗಳು; ನಡುವೆ ಕಾಳಿಕಾಂಬಾಳ್ ದೇವಸ್ಥಾನ, ಅದರ ಬಾಗಿಲಲ್ಲಿ ಹೂವು, ನಿಂಬೆಹಣ್ಣಿನ ಬುಟ್ಟಿಗಳು. 1677ರಲ್ಲಿ ಶಿವಾಜಿ ಇಲ್ಲಿ ಕೈಮುಗಿದು ಹೋದನೆಂದು ಭಕ್ತರು ಹೇಳುತ್ತಾರೆ. ಬ್ಲ್ಯಾಕ್ ಟೌನ್ ಎಂದೇ ಕರೆಸಿಕೊಳ್ಳುತ್ತಿದ್ದ ಈ ಪೇಟೆಗೆ ಜಾರ್ಜ್ ಟೌನ್ ಎಂಬ ಮರ್ಯಾದೆಯ ಹೆಸರು ಸಿಕ್ಕಿದ್ದು ಐದನೆಯ ಜಾರ್ಜನ ದೆಸೆಯಿಂದ. ಉಡುಪಿ ಕಡೆಯವರು ಇಲ್ಲಿಗೆ ಬಂದದ್ದು ಡಾಕ್ಟರಿಕೆಗೆ ಮಾತ್ರ ಅಲ್ಲ. ಮುಂದೆ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕಡಂದಲೆಯ ಕೃಷ್ಣರಾಯರು ಹುಡುಗನಾಗಿ ಅಡುಗೆಮನೆಯ ಕೆಲಸಕ್ಕೆ ನಿಂತದ್ದೂ ಇದೇ ಬೀದಿಯ ಹೋಟೆಲಿನಲ್ಲಿ. ಮದರಾಸಿಗೆ ಉಡುಪಿಯೆಂದರೆ ಮಸಾಲೆ ದೋಸೆ ಎಂದಾದದ್ದು ಆಮೇಲಿನ ಮಾತು.

1904ರಲ್ಲಿ ರಾಮರಾಯರು ‘ದಿ ಆಂಟಿಸೆಪ್ಟಿಕ್’ ಎಂಬ ಇಂಗ್ಲಿಷ್ ವೈದ್ಯಕೀಯ ಮಾಸಪತ್ರಿಕೆ ಆರಂಭಿಸಿದರು. ಗಾಯವನ್ನು ಕಾರ್ಬಾಲಿಕ್ ಆಮ್ಲದಿಂದ ತೊಳೆದರೆ ಕೀವು ಕಟ್ಟದೆಂದು ಜೋಸೆಫ್ ಲಿಸ್ಟರ್ ಬರೆದದ್ದು 1867ರಲ್ಲಿ. ಆ ಪದ ಪತ್ರಿಕೆಯ ತಲೆಬರಹವಾಗುವ ಹೊತ್ತಿಗೆ ಅದರ ಹೊಸತನವೇನೂ ಪೂರ್ತಿ ಆರಿರಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಒಂಟಿಯಾಗಿ ಕೂತ ಡಾಕ್ಟರಿಗೆ ಲಂಡನ್ನಿನ ಪತ್ರಿಕೆ ಹಡಗಿನಲ್ಲಿ ವಾರಗಟ್ಟಲೆ ತಡವಾಗಿ ಬರಬೇಕು. ಮದರಾಸಿನದಾದರೆ ಟಪಾಲಿನಲ್ಲಿ ಬೇಗ ಕೈಸೇರುತ್ತದೆ, ಜ್ವರ ಬೇನೆಗಳ ಮಾತೂ ಈ ನೆಲದ್ದೇ. ಇದರ ಸಂಪಾದಕರಾಗಿದ್ದವರು ಡಾ. ಟಿ. ಎಂ. ನಾಯರ್, 1916ರಲ್ಲಿ ಬ್ರಾಹ್ಮಣೇತರರ ಜಸ್ಟಿಸ್ ಪಕ್ಷ ಕಟ್ಟಿದ ಮುಂದಾಳುಗಳಲ್ಲೊಬ್ಬರು. ರಾಮರಾಯರೋ ಕಾಂಗ್ರೆಸ್ಸಿನವರು. ಬ್ರಾಹ್ಮಣ, ಬ್ರಾಹ್ಮಣೇತರ ಜಗಳದಲ್ಲಿ ಎದುರುಬದುರಾಗಬೇಕಾದ ಇಬ್ಬರು ಒಂದು ಪತ್ರಿಕೆಯಲ್ಲಿ ಜೊತೆಗೂಡಿದ್ದರು. 1923ರಲ್ಲಿ ರಾಮರಾಯರು ಜನಸಾಮಾನ್ಯರಿಗಾಗಿ ‘ಹೆಲ್ತ್’ ಎಂಬ ಇನ್ನೊಂದು ಮಾಸಪತ್ರಿಕೆ ತಂದರು. ಕಾಯಿಲೆ ಬಿದ್ದ ಮೇಲೆ ಬರುವವರಿಂದ ಹೊಟ್ಟೆ ಹೊರೆಯುವ ವೃತ್ತಿಯವರು ಕಾಯಿಲೆ ಬೀಳದಿರುವ ದಾರಿಯನ್ನು ತಿಂಗಳು ತಿಂಗಳು ಅಚ್ಚು ಹಾಕಿಸಿದ್ದು ವ್ಯಾಪಾರದ ಬುದ್ಧಿಯಂತೂ ಅಲ್ಲ.

ಮದರಾಸು ಅವರನ್ನು ಇಂದಿಗೂ ನೆನೆಯುವುದು ಬಹುಶಃ ಸಂಗೀತದ ಕಾರಣಕ್ಕೆ. 1927ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದ ಹುಟ್ಟಿದ ಮ್ಯೂಸಿಕ್ ಅಕಾಡೆಮಿಗೆ ಅವರೇ ಮೊದಲ ಅಧ್ಯಕ್ಷರು. 1928ರ ಆಗಸ್ಟ್ 18ರಂದು ಅದರ ಉದ್ಘಾಟನೆ ನಡೆದದ್ದು ಎಸ್ಪ್ಲನೇಡಿನ ವೈ.ಎಂ.ಸಿ.ಎ. ಸಭಾಂಗಣದಲ್ಲಿ, ತಂಬು ಚೆಟ್ಟಿ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ. ದೇವದಾಸಿಯರ ಕುಣಿತವೆಂದರೆ ಮಾನವಂತರು ಮುಖ ತಿರುಗಿಸುತ್ತಿದ್ದ ದಿನಗಳಲ್ಲಿ, 1931ರಲ್ಲಿ, ಅಕಾಡೆಮಿ ಆ ಪರಂಪರೆಯ ಕಲ್ಯಾಣಿಯವರ ಹೆಣ್ಣುಮಕ್ಕಳ ನೃತ್ಯಕ್ಕೆ ವೇದಿಕೆ ಕೊಟ್ಟಿತು. ಅದರ ಹಿಂದೆ ದುಡಿದವರು ಇ. ಕೃಷ್ಣ ಅಯ್ಯರ್. ದೇವದಾಸಿ ಪದ್ಧತಿಯನ್ನೇ ಕಿತ್ತುಹಾಕಬೇಕೆಂದು ಅದೇ ಊರಿನಲ್ಲಿ ಹೋರಾಡುತ್ತಿದ್ದವರೂ ಒಬ್ಬ ಡಾಕ್ಟರೇ, ಮುತ್ತುಲಕ್ಷ್ಮಿ ರೆಡ್ಡಿ.

1937ರಲ್ಲಿ ಹೊಸ ಕಾಯಿದೆಯಂತೆ ಮದರಾಸಿಗೆ ಎರಡು ಸದನಗಳಾದಾಗ ಮೇಲ್ಮನೆಯ ಸಭಾಪತಿ ಪೀಠ ರಾಮರಾಯರಿಗೆ ಬಂತು. ಮನೆಯಲ್ಲಿ ಮಗ ಯು. ಕೃಷ್ಣರಾಯರೂ ವೈದ್ಯರಾದರು, ಪತ್ರಿಕೆಗೆ ಹೆಗಲು ಕೊಟ್ಟರು, ನಗರದ ಮೇಯರೂ ಆದರು. ಹುಟ್ಟಿ ಬೆಳೆದದ್ದೆಲ್ಲ ಮದರಾಸೇ ಆದರೂ ಹೆಸರಿನ ತಲೆಯಲ್ಲಿ ಅಪ್ಪನ ಯು. ಹಾಗೇ ಉಳಿಯಿತು. 1952ರ ಚುನಾವಣೆಯಲ್ಲಿ ಅವರು ಗೆದ್ದದ್ದು ಹಾರ್ಬರ್ ಕ್ಷೇತ್ರದಿಂದ, ಅಂದರೆ ಅಪ್ಪನ ಬೀದಿಯ ಸುತ್ತಿನ ಓಟುಗಳಿಂದ. ಅವರು ರಾಜಾಜಿ ಸಂಪುಟ ಸೇರಿದ ವರ್ಷವೇ, ಮೇ ತಿಂಗಳಲ್ಲಿ, ರಾಮರಾಯರು ತೀರಿಕೊಂಡರು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಬಹುಪಾಲು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಕೃಷ್ಣರಾಯರು ಮದರಾಸು ವಿಧಾನಸಭೆಯ ಸ್ಪೀಕರ್ ಆದಾಗ ಅವರೆದುರಿನ ಬೆಂಚುಗಳಲ್ಲಿ ಉಡುಪಿಯಿಂದ ಆರಿಸಿಬಂದವರು ಯಾರೂ ಇರಲಿಲ್ಲ. ಊರು ಉಳಿದದ್ದು ಸ್ಪೀಕರರ ಇನಿಷಿಯಲ್ಲಿನಲ್ಲಿ. 1961ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕುರ್ಚಿಯಲ್ಲಿದ್ದರು.